ಒಳ್ಳೆಯ ದೇವರೂ ಬೇಡ

‘ಸ್ಟಾರ್‌ಗೇಟ್ ಎಸ್‌ಜಿ-1’ ನೋಡಿದವರ ಹತ್ತಿರ ಆಸ್‌ಗಾರ್ಡ್‌ಗಳ ಬಗ್ಗೆ ಒಂದು ಕೆಟ್ಟ ಮಾತಾಡಿ ನೋಡಿ, ಜಗಳಕ್ಕೇ ಬರ್ತಾರೆ. ಇಷ್ಟು ವರ್ಷ ನಾನೂ ಅದೇ ಪಾರ್ಟಿ. ಬೂದು ಬಣ್ಣದ ಕುಳ್ಳ ದೇಹ, ದೊಡ್ಡ ತಲೆ, ಎಂದೂ ಏರದ ದನಿ. 1997ರಿಂದ 2007ರವರೆಗೆ ಹತ್ತು ಸೀಸನ್ ಓಡಿದ ಆ ಧಾರಾವಾಹಿಯಲ್ಲಿ ಭೂಮಿಗೆ ಗಂಡಾಂತರ ಬಂದಾಗ ನಾವೆಲ್ಲ ಕಾಯುತ್ತಿದ್ದದ್ದು ಅವರ ನಾಯಕ ಥಾರ್‌ನ ಹಡಗಿಗೆ. ಮೊನ್ನೆ ಮತ್ತೆ ಮೊದಲಿನಿಂದ ನೋಡಿದೆ. ಈ ಸಲ ಪಾರ್ಟಿ ಬದಲಾಯಿಸಿದ್ದೀನಿ. ಆಸ್‌ಗಾರ್ಡ್‌ಗಳು ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ಐಬು ಇರೋದು ಅವರ ಒಳ್ಳೆಯತನದಲ್ಲೇ.

ಸಿಮೇರಿಯಾ ಗ್ರಹದ ಕತೆ ತಗೊಳ್ಳಿ. ಅಲ್ಲಿನ ಜನ ಥಾರ್‌ನನ್ನು ದೇವರು ಅಂತಲೇ ನಂಬಿದ್ದಾರೆ. ಗೌಲ್ಡ್‌ಗಳು, ಅಂದ್ರೆ ಮನುಷ್ಯರ ಮೈಯೊಳಗೆ ಹೊಕ್ಕು ದೇವರ ವೇಷದಲ್ಲಿ ಅವರನ್ನು ಗುಲಾಮರನ್ನಾಗಿ ಮಾಡುವ ಹುಳುಗಳು, ಬರದ ಹಾಗೆ ಕಾಯಲು ಅವನೊಂದು ಯಂತ್ರ ಇಟ್ಟಿದ್ದಾನೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಓನೀಲ್‌ನ ತಂಡ ತಮ್ಮವನೊಬ್ಬನನ್ನು ಉಳಿಸಿಕೊಳ್ಳಲು ಆ ಯಂತ್ರ ಒಡೆಯಬೇಕಾಗುತ್ತೆ. ಮುಂದೆ ಹೆರುಉರ್ ಎಂಬ ಗೌಲ್ಡ್ ಸೈನ್ಯದ ಸಮೇತ ಬಂದಾಗ ಸಿಮೇರಿಯಾದವರ ಕೈಯಲ್ಲಿ ಏನೂ ಇಲ್ಲ. ಕೊನೆಗೆ ಥಾರ್ ಬಂದು ಕಾಪಾಡುತ್ತಾನೆ. ನಾವು ಚಪ್ಪಾಳೆ ಹೊಡೀತೀವಿ. ಆದರೆ ಇಷ್ಟು ತಲೆಮಾರು ಅವರನ್ನು ಬರಿಗೈಯಲ್ಲಿ ಇಟ್ಟವರು ಯಾರು ಅಂತ ಯಾರೂ ಕೇಳೋದಿಲ್ಲ.

ತನ್ನ ನಿಜರೂಪ ತೋರಿಸಲಿಕ್ಕೂ ಥಾರ್ ಪರೀಕ್ಷೆ ಇಟ್ಟಿದ್ದ. ಪಾಸಾದರೆ ದರ್ಶನ, ಇಲ್ಲದಿದ್ದರೆ ಪೂಜೆ ಮಾಡ್ತಾ ಇರಿ! ಕೆಟ್ಟ ಗೌಲ್ಡ್ ಹಾಕಿದ್ದೂ ದೇವರ ವೇಷ, ಒಳ್ಳೆಯ ಥಾರ್ ಹಾಕಿದ್ದೂ ಅದೇ ವೇಷ. ಉದ್ದೇಶ ಬೇರೆ ಅನ್ನೋದು ಒಪ್ಪಿದೆ. ಕೆಳಗೆ ನಿಂತು ಕೈಮುಗಿಯುವವನ ಪಾಲಿಗೆ ಏನು ಬದಲಾಯಿತು?

ಇದಕ್ಕೆ ಒಂದು ಗಟ್ಟಿ ಉತ್ತರ ಇದೆ, ಅದನ್ನೂ ಅದೇ ಧಾರಾವಾಹಿ ಕೊಡುತ್ತೆ. ಟೊಲಾನ್ ಎಂಬ ಮುಂದುವರಿದ ಜನ ಪಕ್ಕದ ಗ್ರಹದವರಿಗೆ ತಮ್ಮ ತಂತ್ರಜ್ಞಾನ ಕೊಟ್ಟರು. ಅವರು ಅದರಲ್ಲೇ ಹೊಡೆದಾಡಿಕೊಂಡು ನಾಶವಾದರು, ಟೊಲಾನ್‌ಗಳ ಗ್ರಹದ ಕಕ್ಷೆಯೂ ಏರುಪೇರಾಯಿತು. ‘ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಹೀಗೇ’ ಅಂತೀರಿ. ಸರಿ, ಆಯುಧ ಕೊಡೋದು ಬೇಡ. ಆದರೆ ‘ನಾನು ದೇವರಲ್ಲ, ಇದು ಯಂತ್ರ, ಇದು ಕೆಟ್ಟರೆ ಹೀಗೆ ರಿಪೇರಿ ಮಾಡಿ’ ಅಂತ ಹೇಳೋದರಿಂದ ಯಾವ ಗ್ರಹದ ಕಕ್ಷೆ ತಪ್ಪುತ್ತಿತ್ತು?

ನನಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ, ನನಗೂ ಒಬ್ಬ ಥಾರ್ ಸಿಕ್ಕಿದ್ದ. ಮೊದಲನೇ ಕೆಲಸದಲ್ಲಿ ನನ್ನ ಸೀನಿಯರ್. ಒಂದು ದಿನವೂ ಬೈದವರಲ್ಲ. ನಾನು ಮಾಡಿದ ತಪ್ಪನ್ನು ರಾತ್ರಿ ಹನ್ನೊಂದಕ್ಕೆ ಕೂತು ತಾವೇ ಸರಿಮಾಡಿ, ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಥರ ಕಾಫಿ ಕುಡಿಸುತ್ತಿದ್ದರು. ಸರ್ವರ್‌ನ ಆಕ್ಸೆಸ್ ಕೇಳಿದರೆ ಮಾತ್ರ ಒಂದೇ ಉತ್ತರ: “ನಿನಗ್ಯಾಕೋ ಆ ತಲೆನೋವು, ನಾನಿದ್ದೀನಲ್ಲ.” ಮೂರನೇ ವರ್ಷ ಅವರು ಕಾಮಾಲೆ ಬಂದು ಮಲಗಿದ ವಾರವೇ ಎಲ್ಲ ಕುಸಿದುಬಿತ್ತು. ಆ ರಾತ್ರಿ ನಾವು ನಾಲ್ಕು ಜನ ಇಂಜಿನಿಯರುಗಳು ಸಿಮೇರಿಯಾದ ಪ್ರಜೆಗಳ ಹಾಗೆ ಸ್ಕ್ರೀನ್ ನೋಡುತ್ತಾ ಕೂತಿದ್ದೆವು. ಅವರ ಮೇಲೆ ಕೋಪ ಬರಲಿಲ್ಲ. ಮೂರು ವರ್ಷ ಆರಾಮಾಗಿ ಇದ್ದೆನಲ್ಲ ಅಂತ ನಾಚಿಕೆ ಆಯಿತು.

ಹೀಗೆ ಕಾಯುವವನಿಗೂ ಇದರಿಂದ ಒಳ್ಳೇದಾಗಲ್ಲ. ಲೋಹ ತಿಂದು ಲೆಕ್ಕವಿಲ್ಲದಷ್ಟು ಮರಿ ಹಾಕುವ ರೆಪ್ಲಿಕೇಟರ್ ಯಂತ್ರಗಳು ಆಸ್‌ಗಾರ್ಡ್‌ಗಳ ಮೇಲೆ ಬಿದ್ದಾಗ ಅವರ ಅಷ್ಟೂ ಬುದ್ಧಿ ಸೋತಿತು. 2000ದಲ್ಲಿ ಬಂದ ನಾಲ್ಕನೇ ಸೀಸನ್ನಿನ ಮೊದಲ ಕಂತಿನಲ್ಲಿ ಥಾರ್ ಕಾರ್ಟರ್‌ಳನ್ನು ಕರೆದುಕೊಂಡು ಹೋಗುತ್ತಾನೆ. ತಮಗೆ ಹೊಳೆಯದ ಮೊದ್ದು ಉಪಾಯ ಮನುಷ್ಯರಿಗಾದರೂ ಹೊಳೆಯಬಹುದು ಅಂತ. ಅವಳು ಆಸ್‌ಗಾರ್ಡ್‌ಗಳ ಹೊಚ್ಚ ಹೊಸ ಹಡಗನ್ನೇ ಬಲೆಗೆ ಹಾಕುವ ಹುಳದ ಹಾಗೆ ಬಿಟ್ಟು, ಬೆನ್ನತ್ತಿ ಬಂದ ಶತ್ರುವಿನ ಜೊತೆಗೇ ಸ್ಫೋಟಿಸಿಬಿಡುತ್ತಾಳೆ. ಇಡೀ ಧಾರಾವಾಹಿಯಲ್ಲಿ ಥಾರ್ ನನಗೆ ದೊಡ್ಡವನಾಗಿ ಕಂಡದ್ದು ಆಗಲೇ. ಕಾಪಾಡುವಾಗ ಅಲ್ಲ, ಕೇಳುವಾಗ. ಚಿಕ್ಕವರು ಅಂತ ದೂರ ಇಟ್ಟವರ ತಲೆಯಲ್ಲೇ ಉತ್ತರ ಇತ್ತು. ಮೊದಲೇ ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ?

ಆಮೇಲೆ ರಕ್ಷಾಕವಚದಂಥ ಕೆಲವನ್ನು ನಮ್ಮ ಹಡಗುಗಳಿಗೆ ಕೊಟ್ಟರು, ಇಲ್ಲ ಅನ್ನಲ್ಲ. ಅದೂ ನಾವು ಅವರ ಕಷ್ಟಕ್ಕೆ ಆದ ಮೇಲೆ. ಕೊನೆಗೆ 2007ರ ಅಂತಿಮ ಕಂತು. ಕ್ಲೋನ್ ಮಾಡಿ ಮಾಡಿ ಕೆಟ್ಟ ದೇಹಗಳು ಇನ್ನು ಉಳಿಯೋದಿಲ್ಲ ಅಂತ ಖಚಿತವಾದಾಗ ಆಸ್‌ಗಾರ್ಡ್‌ಗಳು ತಮ್ಮ ಅಷ್ಟೂ ಜ್ಞಾನವನ್ನು ಮನುಷ್ಯರ ಹಡಗಿಗೆ ತುಂಬಿ, ತಮ್ಮ ಗ್ರಹದ ಸಮೇತ ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತಾರೆ. ಅಭಿಮಾನಿಗಳು ಅಳ್ತಾರೆ. ನಾನೂ ಅತ್ತಿದ್ದೆ. ಈ ಸಲ ಅಳು ಬರಲಿಲ್ಲ. ಅಷ್ಟು ವಿದ್ಯೆ ಕೈಗೆ ಬಂದಿದೆ, ಅರ್ಥವಾಗದ್ದನ್ನು ಕೇಳೋಣ ಅಂದ್ರೆ ಒಬ್ಬನೂ ಬದುಕಿಲ್ಲ. ಅದು ಉಯಿಲು ಸ್ವಾಮಿ, ಪಾಠ ಅಲ್ಲ. ಪಾಠ ಹೇಳಬೇಕಾದ್ದು ಬದುಕಿರುವಾಗ, ಎದುರಿಗೆ ಕೂತು, ಶಿಷ್ಯ ತಪ್ಪು ಮಾಡೋದನ್ನು ನೋಡುತ್ತಾ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಈಗ ಸೀನಿಯರುಗಳು. ನಾನೂ ಆಗಿದ್ದೀನಿ. ಹೋದ ತಿಂಗಳು ಹೊಸ ಹುಡುಗಿ ಒಬ್ಬಳು ಏನೋ ಕೇಳಲು ಬಂದಾಗ ನನ್ನ ಬಾಯಿಂದಲೂ ಅದೇ ಮಾತು ಬಂತು: “ನಾನಿದ್ದೀನಲ್ಲ.” ಹೇಳಿ ಮುಗಿಸುವಷ್ಟರಲ್ಲಿ ಅವಳು ತಲೆಯಾಡಿಸಿ ಸೀಟಿಗೆ ಹೋಗಿ ಕೂತಿದ್ದಳು. ಎದ್ದು ಹೋಗಿ ಅವಳ ಪಕ್ಕ ಕುರ್ಚಿ ಎಳೆದುಕೊಂಡೆ.