ಕೊಂಡಿಯೆಂಬುದು ಮುಯ್ಯಿಯಲ್ಲ

ಸ್ವಂತ ಜಾಲತಾಣವೊಂದನ್ನು ನಡೆಸುವವರಿಗೆ ಆಗಾಗ ಒಂದು ಬಗೆಯ ಇ-ಮೇಲ್ ಬರುವುದುಂಟು. ‘ತಮ್ಮ ತಾಣ ಬಹಳ ಸೊಗಸಾಗಿದೆ. ದಯವಿಟ್ಟು ನಮ್ಮ ತಾಣಕ್ಕೊಂದು ಕೊಂಡಿ ಕೊಡಿ, ನಾವೂ ನಿಮಗೆ ಕೊಡುತ್ತೇವೆ’ ಎಂಬುದು ಅದರ ಸಾರಾಂಶ. ಯಾವ ಬರಹ ಸೊಗಸಾಗಿದೆ, ಯಾವ ಕಾರಣಕ್ಕೆ ಕೊಂಡಿ ಕೊಡಬೇಕು ಎಂಬ ಮಾತೇ ಅಲ್ಲಿರುವುದಿಲ್ಲ. ಇಂಥ ಪತ್ರಗಳಿಂದ ಬೇಸತ್ತ ಅನೇಕರು ಕೊಂಡಿ ಕೇಳುವುದೇ ಅಗ್ಗದ ಕೆಲಸವೆಂದು ತೀರ್ಮಾನಿಸಿಬಿಟ್ಟಿದ್ದಾರೆ. ಆ ತೀರ್ಮಾನ ಸರಿಯಲ್ಲ. ಅದರಿಂದ ಹೆಚ್ಚು ನಷ್ಟವಾಗುವುದು ಕನ್ನಡದಂಥ ಭಾಷೆಗಳಿಗೆ.

ಅಂತರಜಾಲದಲ್ಲಿ ಕೊಂಡಿಗೆ ಇಷ್ಟೊಂದು ಬೆಲೆ ಬಂದದ್ದು ಏಕೆಂಬುದನ್ನು ಮೊದಲು ನೆನೆಯಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದಾಗ ಅವರ ಬಳಿಯಿದ್ದ ಮುಖ್ಯ ಬಂಡವಾಳ ಒಂದು ಸರಳ ವಿಚಾರ. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಅವರು ಒಂದು ಮತದಂತೆ ಎಣಿಸಿದರು. ಎಲ್ಲ ಮತಗಳೂ ಸಮವಲ್ಲ. ಹಲವರ ಗೌರವ ಪಡೆದ ಪುಟದ ಮತಕ್ಕೆ ತೂಕ ಹೆಚ್ಚು. ವಿದ್ವತ್ ಪ್ರಬಂಧವೊಂದನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂಬುದನ್ನು ನೋಡಿ ಅದರ ಮಹತ್ವ ಅಳೆಯುವ ಹಳೆಯ ಪದ್ಧತಿಯೇ ಇದಕ್ಕೆ ಪ್ರೇರಣೆ. ಇಂದು ಶೋಧಯಂತ್ರಗಳು ಬೇರೆ ಹತ್ತಾರು ಸಂಗತಿಗಳನ್ನು ಗಮನಿಸುತ್ತವೆಯಾದರೂ ಕೊಂಡಿಯ ಮಾತು ಸಂಪೂರ್ಣವಾಗಿ ಸವೆದಿಲ್ಲ.

ಮತಕ್ಕೆ ಬೆಲೆಯಿದೆಯೆಂದು ತಿಳಿದೊಡನೆ ಅದರ ವ್ಯಾಪಾರ ಆರಂಭವಾಗುವುದು ಲೋಕರೂಢಿ. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆದಿಡುವ ಪುಸ್ತಕವಿರುತ್ತದೆ. ಅವರು ಕೊಟ್ಟದ್ದೆಷ್ಟು, ನಾವು ತಿರುಗಿಸಬೇಕಾದದ್ದೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ಬಂಧುಗಳ ನಡುವೆ ಈ ಲೆಕ್ಕಕ್ಕೆ ಅರ್ಥವುಂಟು. ಆದರೆ ಸಾಕ್ಷಿ ಹೇಳುವವರು ಮುಯ್ಯಿಯ ಲೆಕ್ಕ ಇಟ್ಟುಕೊಂಡರೆ ಸಾಕ್ಷ್ಯಕ್ಕೇ ಬೆಲೆಯಿರದು. ಪರಸ್ಪರ ಕೊಂಡಿ ಕಟ್ಟಿಕೊಳ್ಳುವ ಕೂಟಗಳು, ಕೊಂಡಿ ಮಾರಲೆಂದೇ ಹುಟ್ಟಿದ ಟೊಳ್ಳು ತಾಣಗಳು ಮಾಡಿದ್ದು ಇದನ್ನೇ. ಅಮೆರಿಕದ ದೊಡ್ಡ ಅಂಗಡಿ ಸಂಸ್ಥೆ ಜೆ.ಸಿ. ಪೆನಿಗೆ, ಅದರ ಸರಕಿಗೆ ಯಾವ ಸಂಬಂಧವೂ ಇಲ್ಲದ ಅಸಂಖ್ಯ ಪುಟಗಳಿಂದ ಕೊಂಡಿಗಳಿದ್ದುದನ್ನು 2011ರ ಫೆಬ್ರುವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಇದು ತನ್ನ ಅರಿವಿಲ್ಲದೆ ನಡೆದದ್ದೆಂದು ಸಂಸ್ಥೆ ಹೇಳಿಕೊಂಡಿತಾದರೂ ಗೂಗಲ್ ಅದನ್ನು ಫಲಿತಾಂಶಗಳ ತುದಿಯಿಂದ ಬಹಳ ಕೆಳಕ್ಕಿಳಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಬಂದ ‘ಪೆಂಗ್ವಿನ್’ ಪರಿಷ್ಕರಣೆ ಇಂಥ ಕೃತಕ ಕೊಂಡಿಗಳ ಮೇಲೆಯೇ ಗುರಿಯಿಟ್ಟಿತ್ತು. ಮಿತಿಮೀರಿದ ಕೊಂಡಿ ವಿನಿಮಯ ಇಂದಿಗೂ ಗೂಗಲ್‌ನ ನಿಯಮಗಳಿಗೆ ವಿರುದ್ಧ.

ಹಾಗಾದರೆ ಕೊಂಡಿಯನ್ನು ಯಾವ ಹೆಸರಿನಿಂದ ಕರೆಯಬೇಕು? ಕನ್ನಡದ ವಿದ್ವಾಂಸರು ತಮ್ಮ ಪುಸ್ತಕದ ಕೊನೆಯಲ್ಲಿ ‘ಗ್ರಂಥಋಣ’ ಎಂದು ಬರೆಯುತ್ತ ಬಂದಿದ್ದಾರೆ. ಆ ಪದವೇ ಸರಿಯಾದದ್ದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಬರಹಗಾರರನ್ನು ಹೆಸರಿಸುತ್ತದೆ. ಅವರಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು ಮೊದಲಾದವರ ಕೃತಿಗಳು ಇಂದು ನಮಗೆ ದೊರೆತಿಲ್ಲ. ಆದರೂ ಕನ್ನಡ ಗದ್ಯಕ್ಕೆ ಅಷ್ಟು ಹಳೆಯ ಪರಂಪರೆಯಿತ್ತೆಂದು ನಾವು ಹೇಳಬಲ್ಲೆವು. ಏಕೆಂದರೆ ಒಬ್ಬರು ಹೆಸರು ಹೇಳಿದ್ದರು. ಹೆಸರಿಸುವ ಈ ಸೌಜನ್ಯಕ್ಕೆ ಎಷ್ಟು ದೂರದ ಫಲವಿದೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಂಥ ಪರಂಪರೆಯವರಾದ ನಾವು ಅಂತರಜಾಲದಲ್ಲಿ ಮಾಡುತ್ತಿರುವುದೇನು? ಮತ್ತೊಬ್ಬರು ವರ್ಷಗಟ್ಟಲೆ ಊರೂರು ತಿರುಗಿ ಸಂಗ್ರಹಿಸಿದ ಶಾಸನದ ಚಿತ್ರವನ್ನೋ ಜನಪದ ಗೀತೆಯ ಪಾಠವನ್ನೋ ಎತ್ತಿಕೊಂಡು ಕೆಳಗೆ ‘ಕೃಪೆ: ಅಂತರಜಾಲ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಊಟ ಬಡಿಸಿದವರು ಯಾರೆಂದು ಕೇಳಿದರೆ ‘ಊರಿನವರು’ ಎಂದಂತಾಯಿತು ಇದು. ಪರಿಣಾಮವಾಗಿ ನಕಲು ಪುಟ ಮೇಲೇರುತ್ತದೆ, ಮೂಲ ಪುಟ ಓದುಗರಿಲ್ಲದೆ ಸೊರಗುತ್ತದೆ. ಬರೆದವರು ಉತ್ಸಾಹ ಕಳೆದುಕೊಳ್ಳುತ್ತಾರೆ. ಒಂದು ದಿನ ತಾಣದ ಶುಲ್ಕ ಕಟ್ಟುವುದನ್ನೂ ನಿಲ್ಲಿಸುತ್ತಾರೆ. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ತರುವಾಯ ತೆರೆಯಲು ಸಿಗುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಒಂದೊಂದು ವಿಷಯಕ್ಕೆ ಒಂದೋ ಎರಡೋ ಒಳ್ಳೆಯ ಪುಟಗಳಷ್ಟೇ ಇರುವ ಭಾಷೆಗೆ ಇಂಥ ನಷ್ಟ ಇನ್ನಷ್ಟು ಕಠೋರ.

ಆದ್ದರಿಂದ ಕೊಂಡಿ ಕೇಳುವವರು ಸಂಕೋಚಪಡಬೇಕಾಗಿಲ್ಲ. ಕೇಳುವ ಕ್ರಮವನ್ನು ಮಾತ್ರ ಕಲಿಯಬೇಕು. ಮೊದಲು ಆ ತಾಣವನ್ನು ನಿಜಕ್ಕೂ ಓದಬೇಕು. ಬರೆಯುವಾಗ ಅವರ ಯಾವ ಲೇಖನದ ಯಾವ ಮಾತಿಗೆ ನಮ್ಮ ಯಾವ ಪುಟ ಆಧಾರವೋ ಪೂರಕವೋ ಆಗುತ್ತದೆಂದು ಹೇಳಬೇಕು. ತಾಣದ ಮುಖಪುಟಕ್ಕೆ ಕೊಂಡಿ ಕೊಡಿರೆನ್ನುವುದು ಗ್ರಂಥಾಲಯದ ಬಾಗಿಲು ತೋರಿಸಿ ಪುಸ್ತಕ ಹುಡುಕಿಕೊಳ್ಳಿ ಎಂದಂತೆ. ಅವರ ಪುಟದಲ್ಲಿ ಸತ್ತುಹೋದ ಕೊಂಡಿಯೇನಾದರೂ ಕಂಡರೆ ತಿಳಿಸುವುದು ಉಪಕಾರ. ಅದರ ಜಾಗಕ್ಕೆ ನಮ್ಮ ಪುಟ ಒದಗುವುದಾದರೆ ಸೂಚಿಸುವುದರಲ್ಲಿ ತಪ್ಪಿಲ್ಲ. ಪ್ರತಿಫಲದ ಆಸೆ ತೋರಬಾರದು, ಉತ್ತರ ಬರದಿದ್ದರೆ ಬೆನ್ನು ಹತ್ತಬಾರದು. ಎಲ್ಲಕ್ಕಿಂತ ಮೊದಲು, ನಾವು ಯಾರಿಂದ ಪಡೆದಿದ್ದೇವೋ ಅವರಿಗೆಲ್ಲ ನಮ್ಮ ಪುಟದಲ್ಲಿ ಕೊಂಡಿ ಕೊಟ್ಟಿರಬೇಕು.

ಇತ್ತ ಕೇಳಿಸಿಕೊಳ್ಳುವವರಿಗೂ ಹೊಣೆಯಿದೆ. ಓದುಗ ನಮ್ಮ ತಾಣ ಬಿಟ್ಟು ಹೋದಾನೆಂಬ ಭಯದಿಂದ ಕೊಂಡಿ ಕೊಡದಿರುವುದು ಸಣ್ಣತನ. ಒಳ್ಳೆಯ ದಾರಿ ತೋರಿಸಿದವರ ಬಳಿಗೆ ಓದುಗ ಮತ್ತೆ ಬರುತ್ತಾನೆ. ಈಗಂತೂ ಶೋಧಯಂತ್ರಗಳು ಪ್ರಶ್ನೆಗೆ ತಾವೇ ಉತ್ತರದ ಸಾರ ಸಿದ್ಧಪಡಿಸಿ ಕೊಡತೊಡಗಿವೆ. ಮೂಲದವರೆಗೆ ಹೋಗುವ ಅಗತ್ಯವೇ ಓದುಗನಿಗೆ ಕಾಣದಾಗುತ್ತಿದೆ. ಇಂಥ ಹೊತ್ತಿನಲ್ಲಿ ‘ಇದನ್ನು ನಾನು ಓದಿದ್ದೇನೆ, ನೀವೂ ಓದಿ’ ಎಂದು ಒಬ್ಬ ಮನುಷ್ಯ ಕೊಡುವ ಕೊಂಡಿಗೆ ಮೊದಲಿಗಿಂತ ಹೆಚ್ಚಿನ ಬೆಲೆಯಿದೆ. ಕನ್ನಡದಲ್ಲಿ ಬರೆಯುವವರು ಆ ಮಾತನ್ನು ಒಬ್ಬರಿಗೊಬ್ಬರು ಧಾರಾಳವಾಗಿ ಹೇಳಿಕೊಳ್ಳಲಿ, ಲೆಕ್ಕದ ಪುಸ್ತಕವನ್ನು ಮದುವೆಮನೆಗೇ ಬಿಟ್ಟುಬಿಡಲಿ.