ಕಪ್ಪು ಕೋಟು ಮತ್ತು ಶಾಸನ ಸಭೆ

ಶಾಸಕನಿಲ್ಲದ ಕ್ಷೇತ್ರದ ಪಾಡು ಏನೆಂದು ವಳಕಮದಿನ್ನಿಯ ಸುತ್ತಣ ಮಸ್ಕಿ ಭಾಗದವರಿಗೆ ಹೇಳಬೇಕಾಗಿಲ್ಲ. 2018ರಲ್ಲಿ ಅಲ್ಲಿ ಫಲಿತಾಂಶ ತೀರ್ಮಾನವಾದದ್ದು 213 ಮತಗಳಲ್ಲಿ. ಸೋತವರು ಹೈಕೋರ್ಟಿಗೆ ಹೋದರು. ಗೆದ್ದ ಪ್ರತಾಪಗೌಡ ಪಾಟೀಲರು 2019ರ ಜುಲೈಯಲ್ಲಿ ರಾಜೀನಾಮೆಯಿತ್ತು ಅನರ್ಹಗೊಂಡರು. ಮಿಕ್ಕ ಹೆಚ್ಚಿನ ಕ್ಷೇತ್ರಗಳಿಗೆ ಅದೇ ಡಿಸೆಂಬರಿನಲ್ಲಿ ಉಪಚುನಾವಣೆ ನಡೆದರೂ, ದಾವೆಯ ಕಾರಣದಿಂದ ಮಸ್ಕಿಗೆ ಮತಪೆಟ್ಟಿಗೆ ಬಂದದ್ದು 2021ರ ಏಪ್ರಿಲ್ 17ರಂದು. ಕಾನೂನು ಬಲ್ಲವರು ಸದನದಲ್ಲಿದ್ದರೆ ಇಂಥ ಅವಾಂತರ ತಪ್ಪುತ್ತದೆಂದು ನಂಬುವವರಿದ್ದಾರೆ. ಆ ನಂಬಿಕೆಯನ್ನು ಕೊಡಗಿನ ಇಬ್ಬರು ವಕೀಲರ ಮುಂದಿಟ್ಟು ನೋಡಬೇಕು.

ಕೆ.ಜಿ. ಬೋಪಯ್ಯ ವಕೀಲರು, ವಿಧಾನಸಭೆಯ ಸ್ಪೀಕರ್ ಆಗಿದ್ದವರು. 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪ ಸರಕಾರದ ವಿಶ್ವಾಸಮತಕ್ಕೆ ಮುನ್ನ ಅವರು 11 ಮಂದಿ ಬಿಜೆಪಿ ಶಾಸಕರನ್ನೂ 5 ಮಂದಿ ಪಕ್ಷೇತರರನ್ನೂ ಅನರ್ಹಗೊಳಿಸಿದರು. ಸರಕಾರ ಉಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಆಪಾದಿತನ ಮಾತು ಕೇಳದೆ ತೀರ್ಪು ಕೊಡಬಾರದೆಂಬುದು ವಕೀಲಿಯ ಮೊದಲ ಪಾಠ. ಸ್ಪೀಕರರಿಗೆ ಅದು ತಿಳಿಯದ್ದೇನಲ್ಲ.

ಎ.ಕೆ. ಸುಬ್ಬಯ್ಯನವರೂ ಅದೇ ನೆಲದ ವಕೀಲರು, ಅದೇ ಸಂಘ ಪರಿವಾರದ ಗರಡಿಯಿಂದ ಬಂದವರು. ಜನಸಂಘದಿಂದ ವಿಧಾನ ಪರಿಷತ್ತನ್ನು ಪ್ರವೇಶಿಸಿದರು. ರಾಜ್ಯ ಬಿಜೆಪಿಯ ಪ್ರಥಮ ಅಧ್ಯಕ್ಷರಾದರು. 1983ರಲ್ಲಿ ಆ ಪಕ್ಷ ಇಲ್ಲಿ 18 ಸ್ಥಾನ ಗೆದ್ದಾಗ ಅದರ ಮುಂಚೂಣಿಯಲ್ಲಿದ್ದವರು ಅವರೇ. ಫಲ ಕೈಗೆ ಬರುವ ಹೊತ್ತಿನಲ್ಲಿ ಅವರು ಆ ಮರವನ್ನೇ ಪ್ರಶ್ನಿಸಿದರು, ಪಕ್ಷದಿಂದ ಹೊರಬಿದ್ದರು. ಸುಮ್ಮನಿದ್ದಿದ್ದರೆ ಏನೇನು ಪಡೆಯಬಹುದಿತ್ತೆಂಬುದು ಊಹೆಗೆ ನಿಲುಕದ್ದಲ್ಲ. ಬಳಿಕ ಕೋಮುವಾದದ ವಿರುದ್ಧ ಊರೂರು ತಿರುಗಿ ಮಾತಾಡಿದರು. ಎಂಬತ್ತು ದಾಟಿದ ಮೇಲೂ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅವರ ಜೊತೆ ನಿಂತರು. 2019ರ ಆಗಸ್ಟ್ 27ರಂದು ನಿಧನರಾದರು.

ಸಾಕ್ಷ್ಯ ಸ್ವತಃ ತನಗೂ ಹೆತ್ತವರಿಗೂ ವಿರುದ್ಧವಾದರೂ ನ್ಯಾಯವನ್ನು ಬಿಡಬಾರದೆಂದು ಪವಿತ್ರ ಕುರ್‌ಆನ್ ವಿಶ್ವಾಸಿಗಳಿಗೆ ಆಜ್ಞಾಪಿಸಿದೆ. ತನ್ನ ಮನೆಯವರ ವಿರುದ್ಧವೇ ಸಾಕ್ಷಿ ನುಡಿದ ಈ ಮುಸ್ಲಿಮೇತರ ವಕೀಲರನ್ನು ನೋಡಿದಾಗ, ಜಮಾಅತಿನ ಲೆಕ್ಕಪತ್ರ ಕೇಳಿದವನನ್ನು ಸಮುದಾಯದ್ರೋಹಿ ಎನ್ನುವ ನಮ್ಮ ಮೊಹಲ್ಲಾಗಳ ನೆನಪಾಗುತ್ತದೆ.

ಸುಬ್ಬಯ್ಯನವರ ಪುತ್ರ, ಹಿರಿಯ ವಕೀಲ ಎ.ಎಸ್. ಪೊನ್ನಣ್ಣನವರು 2023ರಲ್ಲಿ ವಿರಾಜಪೇಟೆಯಲ್ಲಿ ಬೋಪಯ್ಯನವರನ್ನೇ ಸೋಲಿಸಿ ಕಾಂಗ್ರೆಸ್ ಶಾಸಕರಾದರು. ಮುಸ್ಲಿಮರು ಹರ್ಷಪಟ್ಟರು. ಹರ್ಷಕ್ಕೆ ಅಡ್ಡಿಯಿಲ್ಲ. ಆದರೆ ತಂದೆಯ ಹೆಸರು ಮಗನಿಗೆ ವಿನಾಯಿತಿಯಾಗದು. ತಮ್ಮ ಪಕ್ಷವೇ ತಪ್ಪಿದ ದಿನ ಅವರು ಏನು ಹೇಳುತ್ತಾರೆಂಬುದನ್ನು ನಾವು ಗಮನಿಸುತ್ತಿರಬೇಕು.

ಇನ್ನೊಂದು ಮಾತು. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತುಕೊಂಡಾಗ ಸಮುದಾಯ ಓಡಿದ್ದು ಸುಪ್ರೀಂ ಕೋರ್ಟಿನ ಬಾಗಿಲಿಗೆ. ಅಲ್ಲಿ ಬೇಕಾದದ್ದು ಘೋಷಣೆಯಲ್ಲ, ದಾಖಲೆ ಮತ್ತು ವಾದ. ಆದರೂ ಸಿಂಧನೂರು, ಲಿಂಗಸುಗೂರಿನ ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಸಿಗದವನ ಪಾಲಿಗೆ ಉಳಿಯುವುದು ಎಲ್‌ಎಲ್‌ಬಿ. ಹೆಣ್ಣುಮಕ್ಕಳಿಗಂತೂ ಆ ಮಾತೇ ಇಲ್ಲ. ಮದ್ರಸಗಳಲ್ಲಿ ಸಾಕ್ಷ್ಯ ಮತ್ತು ನ್ಯಾಯತೀರ್ಮಾನದ ಅಧ್ಯಾಯಗಳನ್ನು ವರ್ಷಗಟ್ಟಲೆ ಓದುವ ಹುಡುಗರು ಜೊತೆಗೆ ಪಿಯುಸಿ ಮುಗಿಸಿದರೆ ಐದು ವರ್ಷ, ಪದವಿ ಮುಗಿಸಿದರೆ ಮೂರು ವರ್ಷದ ಕಾನೂನು ಶಿಕ್ಷಣ ಅವರಿಗೂ ತೆರೆದಿದೆ. ಕಾನೂನು ಕಾಲೇಜು ದೂರದಲ್ಲೇನೂ ಇಲ್ಲ, ರಾಯಚೂರಿನಲ್ಲೇ ಇದೆ.