ಎರಡು ದಿನ ಮೈಕ್ ಬಂದ್ ಆದರೆ ಏನು ಮುಳುಗುತ್ತೆ?

ಚುನಾವಣೆ ಬಂದಾಗಲೆಲ್ಲ ನನಗೆ ನೆನಪಾಗುವುದು 2024ರ ಮೇ 13. ಅಂದು ಸಂಜೆ ಧೂಳಿನ ಬಿರುಗಾಳಿಗೆ ಠಾಣೆ-ಮುಲುಂಡ್ ನಡುವೆ ಓವರ್‌ಹೆಡ್ ವೈರಿನ ಕಂಬ ಬಾಗಿ ಸೆಂಟ್ರಲ್ ಲೈನ್ ನಿಂತಿತ್ತು. ನಾನು ಅಂಬರನಾಥ ತಲುಪುವಷ್ಟರಲ್ಲಿ ಹುಬ್ಬಳ್ಳಿಯಿಂದ ಅಣ್ಣನ ಫೋನು: "ತಮ್ಮಾ, ಆರಾಮ ಇದ್ದೀಯಿಲ್ಲೋ? ಟೀವ್ಯಾಗ ನೋಡಿ ಎದಿ ಝಲ್ ಅಂತು!" ಘಾಟ್ಕೋಪರ್‌ನ ಛೇಡಾ ನಗರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದಿದೆ ಅಂತ ನನಗೆ ತಿಳಿದದ್ದೇ ಆಗ. 120 ಅಡಿ ಎತ್ತರ, 120 ಅಡಿ ಅಗಲ. ಪಾಲಿಕೆಯ ಮಿತಿ 40 ಅಡಿ! ಕೊನೆಗೆ ಸತ್ತವರ ಸಂಖ್ಯೆ 17.

ಶೋಧ, ರಕ್ಷಣೆಯ ಕೆಲಸ ಮುಗಿದದ್ದು 16ರಂದು. ಆದರೆ 15ರ ಸಂಜೆ, ಅದೇ ಘಾಟ್ಕೋಪರ್‌ನ ಪಶ್ಚಿಮ ಭಾಗದ ಎಲ್‌ಬಿಎಸ್ ರಸ್ತೆಯಲ್ಲಿ ಪ್ರಧಾನಿ ಮೋದಿಯವರ ರೋಡ್ ಶೋ. ರಸ್ತೆ ಬಂದ್, ಜಾಗೃತಿ ನಗರ-ಘಾಟ್ಕೋಪರ್ ಮೆಟ್ರೋ ಕೂಡ ಬಂದ್. ಲೋಕಲ್ ಇಳಿದು ಮೆಟ್ರೋ ಹಿಡಿಯುವ ನಮ್ಮಂಥವರ ಪಾಡು ಕೇಳಬೇಡಿ. ಎದುರು ಪಕ್ಷದವರು ಟೀಕಿಸಿದರು. ಇವರು ಹೋರ್ಡಿಂಗ್ ಮಾಲೀಕನ ಜೊತೆ ಅವರ ನಾಯಕರಿದ್ದ ಫೋಟೋ ತೋರಿಸಿದರು. ಸತ್ತವರು ಎರಡೂ ಕಡೆಯವರಿಗೆ ಭಾಷಣದ ಸರಕು.

ಪ್ರಚಾರ ನಿಂತರೆ ಸತ್ತವರು ಎದ್ದು ಬರ್ತಾರಾ ಅಂತ ನೀವು ಕೇಳಬಹುದು. ಇಲ್ಲ. ರೋಡ್ ಶೋದಿಂದ ಕ್ರೇನ್ ನಿಂತಿತು ಅಂತಲೂ ನಾನು ಹೇಳ್ತಿಲ್ಲ. ಅಭ್ಯರ್ಥಿ ಬಂದು ಕಬ್ಬಿಣ ಎತ್ತಬೇಕು ಅಂತಲೂ ಅಲ್ಲ, ಅದಕ್ಕೆ ಎನ್‌ಡಿಆರ್‌ಎಫ್ ಇದೆ, ಅಗ್ನಿಶಾಮಕ ದಳ ಇದೆ. ಆದರೆ ದೊಡ್ಡ ಪ್ರಚಾರ ಅಂದರೆ ಪೊಲೀಸರು ಬೇಕು, ರಸ್ತೆ ಬೇಕು, ಅಧಿಕಾರಿಗಳ ಗಮನ ಬೇಕು. ದುರಂತಕ್ಕೂ ಬೇಕಾದದ್ದು ಇವೇ ತಾನೆ? ಪ್ರಚಾರ ನಿಲ್ಲಿಸಿ ಅನ್ನುವುದು ಇವನ್ನು ಬಿಟ್ಟುಕೊಡಿ ಅಂತ, ಅಷ್ಟೇ.

ನಿಲ್ಲಿಸುವುದರಲ್ಲೂ ನಾಟಕ ಇದೆ, ಗೊತ್ತು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗ ಮೆಕೇನ್ ಸಾಹೇಬರು ಸೆಪ್ಟೆಂಬರ್ 24ಕ್ಕೆ ಪ್ರಚಾರ ನಿಲ್ಲಿಸ್ತೀನಿ ಅಂತ ಘೋಷಿಸಿ ವಾಷಿಂಗ್ಟನ್‌ಗೆ ಹೋದರು. 26ಕ್ಕೆ ಒಬಾಮಾ ಎದುರು ಚರ್ಚೆಗೆ ನಿಂತಿದ್ದರು! 29ಕ್ಕೆ ಬ್ಯಾಂಕುಗಳ ನೆರವಿನ ಮಸೂದೆ ಸಂಸತ್ತಿನ ಕೆಳಮನೆಯಲ್ಲಿ ಬಿದ್ದೇಹೋಯಿತು. ಆ ನಿಲ್ಲಿಸಿದ್ದೂ ಒಂದು ಪ್ರಚಾರವೇ. ನಮ್ಮಲ್ಲೂ ಊಟದ ಪೊಟ್ಟಣದ ಮೇಲೆ ತಮ್ಮ ಫೋಟೋ ಅಂಟಿಸಿಕೊಂಡು ಬರುವವರಿಗೆ ಕಡಿಮೆಯಿಲ್ಲ. ಅಂಥವರು ಬರದಿದ್ದರೇ ಪುಣ್ಯ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಈಗಾಗಲೇ ಮಂತ್ರಿ, ಸಂಸದ, ನಗರಸೇವಕ ಆಗಿರುವವರು ಮೈಕ್ ಕೆಳಗಿಟ್ಟು ತಮ್ಮ ಕುರ್ಚಿಯ ಕೆಲಸ ಮಾಡಲಿ. ಹೊಸಬರು ಸುಮ್ಮನೆ ದಾರಿ ಬಿಡಲಿ. ಕೊನೆಯ ದೇಹ ಹೊರಬರುವ ತನಕ ಆ ಊರಲ್ಲಿ ಮೆರವಣಿಗೆ ಬೇಡ, ಯಾವ ಪಕ್ಷದ್ದೂ ಬೇಡ.

ಮತದಾರನಿಗೆ ವಿಷಯ ತಿಳಿಯಬೇಡವೇ ಅಂತೀರಾ? ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ಕೂಡದು ಅಂತ ಕಾನೂನೇ ಇದೆ. ಅದರಿಂದ ಪ್ರಜಾಪ್ರಭುತ್ವ ಮುಳುಗಿಲ್ಲ. ಮತಯಂತ್ರಕ್ಕೆ ಕೊಡುವ ಆ ಮರ್ಯಾದೆ, ಹೋರ್ಡಿಂಗಿನ ಅಡಿ ಸಿಕ್ಕಿಬಿದ್ದ ಮನುಷ್ಯನಿಗೆ ಬೇಡವೇ? ಏನಂತೀರಿ?